ಫೋನಿನಲ್ಲಿ ಎಲ್ಲವೂ ಸಣ್ಣ ಗೀರು

ಆಸ್ಪತ್ರೆಯಲ್ಲಿ ನಗಬಾರದು ಎಂದು ಗೋಡೆಯ ಮೇಲೆ ಎಲ್ಲೂ ಬರೆದಿರಲಿಲ್ಲ. ಬರೆದಿದ್ದರೆ ಬಿ.ಸಿ.ರೋಡಿನ ನಮ್ಮ ಆಸ್ಪತ್ರೆಯ ಬಿಲ್ ಕೌಂಟರಿನಲ್ಲಿ ನನ್ನ ಕೆಲಸ ಎಂದೋ ಹೋಗುತ್ತಿತ್ತು. ವಿಮಾ ಕಂಪೆನಿಯವರು ಆಸ್ಪತ್ರೆಗೇ ನೇರ ಹಣ ಕಟ್ಟುವ ಏರ್ಪಾಡು ನಮ್ಮ ಕಡೆ ಹೊಸದಾಗಿ ಬಂದಿದ್ದ ಕಾಲ ಅದು. ಪ್ರತಿಯೊಂದು ಚಿಕಿತ್ಸೆಗೂ ಅದರದ್ದೇ ಕೋಡ್ ಹಾಕಿ ಕಳಿಸುವುದು ನನ್ನ ಪಾಲಿನ ಕೆಲಸ. ತಮಾಷೆಗೇನೂ ಬರ ಇರಲಿಲ್ಲ, ಆದರೆ ಪಾಣೆಮಂಗಳೂರಿನ ಕಾಕನ ಒಂದು ಕಾಲು ಕೊಟ್ಟಷ್ಟನ್ನು ಬೇರೆ ಯಾರ ಇಡೀ ದೇಹವೂ ಕೊಡಲಿಲ್ಲ.

ತೊಳೆದೆ

ಕಾಕ ಎಂದರೆ ನಮ್ಮ ಕಡೆ ಮುಸ್ಲಿಂ ಹಿರಿಯರನ್ನು ಕರೆಯುವ ಮಾತು; ಇವರದು ಬಟ್ಟೆ ಅಂಗಡಿ. ಸ್ಕೂಟರಿನಿಂದ ಬಿದ್ದು, ಮೊಣಕಾಲಿನ ಕೆಳಗೆ ಮೂಳೆ ಮುರಿದು ಚರ್ಮ ಹರಿದು ಹೊರಗೆ ಬಂದಿತ್ತು. ಗಾಯದ ತುಂಬ ರಸ್ತೆಯ ಮಣ್ಣು. ಮೂಡುಬಿದಿರೆಯಿಂದ ಬರುವ ನಮ್ಮ ಮೂಳೆ ಡಾಕ್ಟರು ಅರಿವಳಿಕೆ ಕೊಡಿಸಿ, ಮಣ್ಣೆಲ್ಲ ತೆಗೆದು, ಸತ್ತ ಮಾಂಸ ಕತ್ತರಿಸಿ, ಮೂಳೆಗೆ ಸರಳು ಹಾಕಿ ಬೆವರುತ್ತಾ ಹೊರಗೆ ಬಂದರು. ಬಂದು ಕೇಸ್ ಶೀಟಿನಲ್ಲಿ ಬರೆದದ್ದು ಇಷ್ಟೇ: ಗಾಯ ತೊಳೆದೆ. ಅವರು ಮಾತಿನಲ್ಲೂ ಹಾಗೆಯೇ. ಮಗಳ ಮದುವೆ ಹೇಗಾಯಿತು ಎಂದು ಕೇಳಿದ್ದಕ್ಕೆ "ಆಯ್ತು" ಎಂದಿದ್ದರು.

ನಾನು ಆಪರೇಷನ್ನಿನ ಕೋಡ್ ಹಾಕಿ ಕಳಿಸಿದೆ. ವಿಮಾ ಕಂಪೆನಿಯ ಬೆಂಗಳೂರು ಆಫೀಸಿನಿಂದ ಫೋನ್ ಬಂತು. "ಮೇಡಂ, ತೊಳೆಯೋದು ನರ್ಸ್ ಕೆಲಸ ಅಲ್ವಾ? ಇದಕ್ಕೆ ಆಪರೇಷನ್ ಕೋಡ್ ಯಾಕೆ?"

ಡಾಕ್ಟರ ಹತ್ತಿರ ಹೋಗಿ ಹೇಳಿದೆ. ಅವರು ತಲೆ ಎತ್ತಲಿಲ್ಲ. "ತೊಳೆದದ್ದು ಹೌದು. ಕತ್ತಿ ಹಿಡ್ಕೊಂಡು ತೊಳೆದದ್ದು ಅಂತ ಹೇಳಿ."

ಹಾಗೆಯೇ ಹೇಳಿದೆ. ಆಚೆಯವರು ಫೋನ್ ಇಟ್ಟೇಬಿಟ್ಟರು.

ಮತ್ತೆ ತೊಳೆದದ್ದು

ಇಂಥ ಗಾಯ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಒಳಗೆ ಮತ್ತೇನು ಸತ್ತಿದೆ ಎಂದು ಪುನಃ ತೆರೆದು ನೋಡಿ ಶುಚಿ ಮಾಡಬೇಕು. ಡಾಕ್ಟರು ಮಾಡಿದರು, ನಾನು ಪುನಃ ಅದೇ ಕೋಡ್ ಕಳಿಸಿದೆ. ಪುನಃ ಅದೇ ಫೋನ್. "ಮೊದಲನೇ ಸಲ ಸರಿಯಾಗಿ ತೊಳೀಲಿಲ್ವಾ?"

ವಾರ್ಡಿಗೆ ಹೋದಾಗ ಕಾಕನಿಗೆ ಇದನ್ನು ಹೇಳಿದೆ. ಅಷ್ಟು ನೋವಿನಲ್ಲೂ ಅವರಿಗೆ ನಗು ಬಂತು. "ಬಿರಿಯಾನಿ ಪಾತ್ರೆಯ ಜಿಡ್ಡೇ ಒಂದು ಸಲಕ್ಕೆ ಹೋಗುದಿಲ್ಲ ಅಕ್ಕ. ಇದು ಕಾಲಲ್ವಾ?"

ಪಾತ್ರೆಯ ಮಾತೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ವಿವರವಾಗಿ ಬರೆದು ಕಳಿಸಿದೆ.

ಉಮ್ಮನ ಉತ್ತರ

ಕಾಕನ ತಮ್ಮ ಗಲ್ಫಿನಲ್ಲಿದ್ದ. ಆಗಷ್ಟೇ ಕೆಲಸ ಸಿಕ್ಕಿತ್ತು. ಅಣ್ಣನಿಗೆ ಹೀಗಾಯಿತೆಂದು ತಿಳಿದರೆ ಕೆಲಸ ಬಿಟ್ಟು ವಿಮಾನ ಹತ್ತುವ ಜಾತಿ ಅವನದು. ಅದಕ್ಕೇ ಅವರ ತಾಯಿ, ಎಲ್ಲರ ಬಾಯಲ್ಲಿ ಉಮ್ಮ, ಮನೆಯಲ್ಲಿ ಕಟ್ಟಪ್ಪಣೆ ಮಾಡಿದ್ದರು: ಫೋನಿನಲ್ಲಿ ಯಾರು ಕೇಳಿದರೂ "ಏನಿಲ್ಲ, ಸಣ್ಣ ಗೀರು" ಎನ್ನಬೇಕು. ನಮ್ಮೂರಲ್ಲಿ ಇದೇನೂ ಹೊಸದಲ್ಲ. ದೂರ ಇರುವವರ ನಿದ್ದೆ ಕೆಡಿಸಬಾರದು.

ಈ ಮಧ್ಯೆ ಕಂಪೆನಿಯವರು ಸಂಶಯ ಬಂದು ನೇರ ಕಾಕನ ಮನೆಗೇ ಫೋನ್ ಮಾಡಿದರು. ಎತ್ತಿದವರು ಉಮ್ಮ, ಯಾರನ್ನೂ ‘ಮೋನೆ’ ಅಂದರೆ ಮಗನೇ ಎಂದೇ ಕರೆಯುವವರು.

"ಮಗನ ಕಾಲಿಗೆ ಏನಾಗಿದೆಯಮ್ಮಾ?"

"ಏನಿಲ್ಲ ಮೋನೆ, ಸಣ್ಣ ಗೀರು. ಅರಸಿನ ಹಚ್ಚಿದ್ದೇವೆ. ನಡೀತಾನೆ, ಓಡ್ತಾನೆ."

ಮರುದಿನ ನಮ್ಮ ಫೈಲು ನಿಂತಿತು. ಈ ಸಲ ನನಗೆ ನಗು ಬರಲಿಲ್ಲ. ಕಂಪೆನಿ ಕೈಬಿಟ್ಟರೆ ಕಾಕ ತಮ್ಮನ ಹತ್ತಿರವೇ ಹಣ ಕೇಳಬೇಕು. ಕೇಳಿದರೆ ಗುಟ್ಟು ರಟ್ಟು, ತಮ್ಮನ ಕೆಲಸಕ್ಕೂ ಕುತ್ತು. ಉಮ್ಮ ಗಂಜಿಯ ಕ್ಯಾರಿಯರ್ ಹಿಡಿದು ಬಂದು ಕೌಂಟರಿನ ಎದುರು ನಿಂತು ಅತ್ತರು. "ನಾನು ಓಡ್ತಾನೆ ಅಂತ ಹೇಳಬಾರದಿತ್ತು. ನಡೀತಾನೆ ಅಂದ್ರೆ ಸಾಕಿತ್ತು."

ಕಣ್ಣಾರೆ

ಕೊನೆಗೆ ಕಂಪೆನಿಯವರು ತನಿಖೆಗೆ ಒಬ್ಬ ಅಧಿಕಾರಿಯನ್ನು ಕಳಿಸಿದರು. ಇಸ್ತ್ರಿ ಅಂಗಿ, ಸೊಂಟದಲ್ಲಿ ಮೊಬೈಲು. ಎಕ್ಸ್‌ರೇ ತೋರಿಸಿದೆ. "ಇದೆಲ್ಲ ಯಾರದೂ ಆಗಬಹುದು. ಗಾಯವನ್ನು ನಾನೇ ಕಣ್ಣಾರೆ ನೋಡಬೇಕು" ಎಂದರು.

ಡ್ರೆಸ್ಸಿಂಗಿನ ಹೊತ್ತು. ಕಾಕ ಮಲಗಿದ್ದರು, ಉಮ್ಮ ಪಕ್ಕದಲ್ಲಿ. "ಬೇಡ ಸಾರ್" ಎಂದೆ. ಕೇಳಲಿಲ್ಲ. ಸಿಸ್ಟರ್ ಬ್ಯಾಂಡೇಜು ಬಿಚ್ಚಿದರು. ಅಧಿಕಾರಿ ಬಗ್ಗಿ ನೋಡಿದರು. ಬಗ್ಗಿದವರು ಏಳಲೇ ಇಲ್ಲ, ಸೀದಾ ಮಂಚದ ಕಬ್ಬಿಣಕ್ಕೆ ಹಣೆ ಬಡಿದು ಕೆಳಗೆ.

ಮುಖಕ್ಕೆ ನೀರು ಹಾಕಿ ಎಬ್ಬಿಸಿದೆವು. ಡಾಕ್ಟರು ಬಂದು ಹಣೆಯ ರಕ್ತ ಒರೆಸಿ ಹೊಲಿಗೆ ಹಾಕಿದರು. "ಏನಂತ ಬರೆಯುವ ಡಾಕ್ಟ್ರೇ?" ಎಂದು ಕೇಳಿದೆ. "ತೊಳೆದೆ."

ಅಷ್ಟರಲ್ಲಿ ಅಧಿಕಾರಿಯ ಮೊಬೈಲು ಬಡಿದುಕೊಂಡಿತು. ಹೆಂಡತಿ. ಅಧಿಕಾರಿ ತಲೆಯ ಪಟ್ಟಿ ಮುಟ್ಟಿಕೊಂಡು ಮೆಲ್ಲಗೆ ಹೇಳಿದರು: "ಸ್ವರ ಹೀಗೆ ಯಾಕೆ ಅಂತಲಾ? ಏನಿಲ್ಲ ಮಾರಾಯ್ತಿ. ಹಣೆಗೆ ಸ್ವಲ್ಪ ತಾಗಿತು. ಸಣ್ಣ ಗೀರು."

ಸಿಸ್ಟರ್ ಗೋಡೆಯ ಕಡೆ ತಿರುಗಿ ನಿಂತರು. ಅಧಿಕಾರಿ ಮೊದಲು ಉಮ್ಮನ ಮುಖ ನೋಡಿದರು, ಆಮೇಲೆ ಕಾಕನ ಕಾಲು. ಕಾಲನ್ನು ಹೆಚ್ಚು ಹೊತ್ತು ನೋಡಲಿಲ್ಲ. ನನ್ನಿಂದ ಪೆನ್ನು ಇಸಕೊಂಡು ಅಲ್ಲೇ ಫೈಲು ಪಾಸು ಮಾಡಿ, ಉಮ್ಮನ ಹತ್ತಿರ ತಗ್ಗಿದ ದನಿಯಲ್ಲಿ, "ನಾನು ಬಿದ್ದದ್ದು ನಮ್ಮ ಆಫೀಸಿಗೆ ಗೊತ್ತಾಗುವುದು ಬೇಡ" ಎಂದರು.

ಉಮ್ಮ ಅವರ ಕೈಗೆ ಒಂದು ಲೋಟ ಗಂಜಿನೀರು ಕೊಟ್ಟರು.

"ಹೆದರಬೇಡ ಮೋನೆ. ಅವರು ಫೋನ್ ಮಾಡಿದ್ರೆ ನಾನೇ ಹೇಳ್ತೇನೆ. ನಡೀತಾನೆ, ಓಡ್ತಾನೆ ಅಂತ."