ಕತ್ತಲೆಯಲ್ಲಿ ಸಿಕ್ಕಿಬಿದ್ದ ಸಾರು

ಹೊಟ್ಟೆಕಿಚ್ಚು ಇರೋರ ಮನೆಗೆ ನಗೆಪಾಟಲು ವಿಳಾಸ ಹುಡುಕಿಕೊಂಡು ಬರುತ್ತದೆ. ನಮ್ಮ ಮನೆಗಂತೂ ಹದಿನೈದು ವರ್ಷ ತಪ್ಪದೆ ಬಂತು. ಚಿನ್ನ, ಸೈಟು ಅಂತ ಜನ ಹೊಟ್ಟೆ ಉರಿದುಕೊಳ್ಳುತ್ತಾರೆ. ನಾನು ಉರಿದುಕೊಂಡದ್ದು ಸಾರಿಗೆ! ನನ್ನ ಓರಗಿತ್ತಿ, ಅಂದರೆ ನಮ್ಮ ಯಜಮಾನರ ಅಣ್ಣನ ಹೆಂಡತಿ, ಮಾಡುವ ತಿಳಿಸಾರಿಗೆ.

ಅತ್ತೆ ಇದ್ದದ್ದು ದೊಡ್ಡ ಸೊಸೆಯ ಜೊತೆ, ಚಾಮರಾಜಪುರಂನಲ್ಲಿ. ತಿಂಗಳಿಗೊಮ್ಮೆ ನಾಲ್ಕು ದಿನ ಸರಸ್ವತಿಪುರಂಗೆ, ನಮ್ಮ ಮನೆಗೆ ಬರೋರು. ಬಂದ ದಿನವೇ ನನ್ನ ಸಾರನ್ನು ಅನ್ನಕ್ಕೆ ಕಲಸಿ, ಒಂದು ತುತ್ತು ತಿಂದು, ಸೂರು ನೋಡಿಕೊಂಡು, "ಪರವಾಗಿಲ್ಲ. ಆದ್ರೂ ದೊಡ್ಡವಳ ಕೈ ದೊಡ್ಡವಳ ಕೈಯೇ ಬುಡು" ಅನ್ನೋರು. ನನಗೆ ಇದ್ದದ್ದು ಒಂದೇ ಆಸೆ. ಓರಗಿತ್ತಿಯ ಎದುರಿಗೇ, ಅತ್ತೆಯ ಬಾಯಿಂದ, ಒಂದೇ ಒಂದು ಸಲ "ನಿನ್ನ ಸಾರು ಚೆನ್ನಾಗಿದೆ" ಅನ್ನಿಸಿಕೊಳ್ಳಬೇಕು. ಅದಕ್ಕಾಗಿ ಪಟ್ಟ ಪಾಡು ಒಂದೆರಡಲ್ಲ.

೧. ಬೋರಲು ಬಕೆಟ್ಟು

"ಅಕ್ಕ, ಸಾರಿಗೆ ಏನೇನು ಹಾಕ್ತೀರಿ?" ಅಂತ ಕೇಳಿದರೆ ಓರಗಿತ್ತಿ ನಕ್ಕು, "ಏನಿಲ್ಲ ಕಣೇ, ಎಲ್ಲಾ ಕಣ್ಣಳತೆ" ಅನ್ನೋರು. ಸಾರು ಮಾಡೋ ಹೊತ್ತಿಗೆ ಸರಿಯಾಗಿ ಅಡುಗೆಮನೆ ಬಾಗಿಲು ಹಾಕಿಕೊಳ್ಳೋರು. ಯಾಕಕ್ಕ ಅಂದರೆ, "ದೃಷ್ಟಿಯಾಗತ್ತೆ" ಅನ್ನೋ ಉತ್ತರ. ಅದು ನನಗೇ ಹೇಳಿದ ಮಾತು ಅಂತ ನನಗೆ ಗೊತ್ತಾಗುತ್ತಿರಲಿಲ್ಲವೇ?

ತೊಂಬತ್ತರ ದಶಕದ ಒಂದು ಭಾನುವಾರ ಹೇಳದೆ ಕೇಳದೆ ಅವರ ಮನೆಗೆ ಹೋದೆ. ಹಿತ್ತಲಿಗೆ ನುಗ್ಗಿ, ಬಕೆಟ್ಟು ಬೋರಲು ಹಾಕಿ, ಅದರ ಮೇಲೆ ನಿಂತು ಅಡುಗೆಮನೆ ಕಿಟಕಿಯಲ್ಲಿ ಇಣುಕಿದೆ. ಒಲೆ ಹತ್ತಿರಲಿಲ್ಲ. ಕಟ್ಟೆ ಮೇಲೆ ಪಾತ್ರೆ ತುಂಬ ಸಾರು ಹಬೆಯಾಡುತ್ತಿತ್ತು. ಛೆ, ತಡವಾಗಿ ಬಂದೆ, ಆಗಲೇ ಮಾಡಿ ಇಳಿಸಿಬಿಟ್ಟಿದ್ದಾರೆ ಅಂದುಕೊಂಡೆ. ಪಾತ್ರೆಯ ಪಕ್ಕ, ಆಗ ತಾನೆ ತೊಳೆದ ಸ್ಟೀಲ್ ಕ್ಯಾರಿಯರ್. ಭಾವನವರು ಕಡಕೊಳದ ಕಾರ್ಖಾನೆಗೆ ಊಟ ಒಯ್ಯೋ ಕ್ಯಾರಿಯರ್ ಇರಬೇಕು. ರಜದ ದಿನವೂ ಅದನ್ನು ಇಷ್ಟು ಫಳಫಳ ಬೆಳಗಿ ಇಟ್ಟಿದ್ದಾರಲ್ಲ, ಎಂಥಾ ಅಚ್ಚುಕಟ್ಟು ಅಂತ ಅದಕ್ಕೂ ಒಂದಷ್ಟು ಹೊಟ್ಟೆ ಉರಿಯಿತು. ಇನ್ನೂ ಚೂರು ಕತ್ತು ಚಾಚಿದೆ. ಬಕೆಟ್ಟು ಜಾರಿತು. ದೊಪ್ಪಂತ ಕೆಳಗೆ ಬಿದ್ದೆ.

ಅತ್ತೆ ಓಡಿ ಬಂದು ನೋಡಿ, ಏನಾಯಿತೆಂದು ಕೇಳಿದ ಪಕ್ಕದ ಮನೆಯವರಿಗೆ ಕಾಂಪೌಂಡ್ ಮೇಲಿಂದಲೇ ಕೂಗಿ ಹೇಳಿದರು: "ಏನಿಲ್ಲ ಕಣ್ರೀ, ನಮ್ಮ ಚಿಕ್ಕವಳು. ದೊಡ್ಡವಳ ಸಾರಿನ ವಾಸನೆಗೇ ತಲೆ ತಿರುಗಿ ಬಿದ್ದುಬುಟ್ಟಿದ್ದಾಳೆ!"

೨. ಲೋಡ್ ಶೆಡ್ಡಿಂಗ್

ಆ ದಿನಗಳಲ್ಲಿ ಬೇಸಿಗೆ ಬಂತೆಂದರೆ ಸಂಜೆ ಏಳಕ್ಕೆ ಕರೆಂಟು ಹೋಗುತ್ತಿತ್ತು. ಅತ್ತೆ ನಮ್ಮಲ್ಲಿದ್ದ ಒಂದು ಸಂಜೆ ಓರಗಿತ್ತಿ, "ಅಮ್ಮನಿಗೆ ಬಾಯಿ ಕೆಟ್ಟಿರುತ್ತೆ ಪಾಪ" ಅಂತ ನಮ್ಮ ಯಜಮಾನರ ಕೈಲಿ ಒಂದು ಡಬ್ಬಿ ಸಾರು ಕಳಿಸಿದರು. ಬಾಯಿ ಕೆಟ್ಟಿರುತ್ತಂತೆ! ಯಾರ ಅಡುಗೆ ತಿಂದು?

ಊಟಕ್ಕೆ ಕೂತಾಗ ಕರೆಂಟು ಹೋಯಿತು. ಮೇಣದಬತ್ತಿ ಸಿಕ್ಕಲಿಲ್ಲ ಅಂತ ಸುಳ್ಳು ಹೇಳಿ, ನನ್ನದೇ ಸಾರನ್ನು ಬಿಸಿ ಮಾಡಿ ಬಡಿಸಿದೆ. "ಅಕ್ಕ ಕಳಿಸಿದ್ದು ಅತ್ತೆ, ಹೆಂಗಿದೆ?" ಅಂತ ಮೆಲ್ಲಗೆ ಕೇಳಿದೆ. ಚೆನ್ನಾಗಿದೆ ಅಂದ ತಕ್ಷಣ ಸತ್ಯ ಹೇಳಿ ಕುಣಿಯಬೇಕು ಅಂತ ಕಾದು ಕೂತೆ.

ಅತ್ತೆ ಒಂದು ತುತ್ತು ತಿಂದರು. ಇನ್ನೊಂದು ತಿಂದರು. ಆಮೇಲೆ ನಿಟ್ಟುಸಿರು ಬಿಟ್ಟು, "ಪಾಪ, ದೊಡ್ಡವಳು ಚೆನ್ನಾಗೇ ಮಾಡಿರ್ತಾಳೆ. ಅಲ್ಲಿಂದ ಇಲ್ಲಿಗೆ ಬರೋದ್ರೊಳಗೆ ಕೆಟ್ಟುಹೋಗಿದೆ. ಚೆಲ್ಲಿಬುಡು ಕಣೇ" ಅಂದರು.

೩. ಕತ್ತಲಿಗೆ ರೇಷ್ಮೆ ಸೀರೆ

ಎರಡು ಸಾವಿರ ಇಸವಿ ದಾಟಿ ಕೆಲವು ವರ್ಷವಾಗಿತ್ತು. ನಮ್ಮೂರಿನ ಹೋಟೆಲೊಂದು ಒಂದು ತಿಂಗಳ ಮಟ್ಟಿಗೆ ಕತ್ತಲೂಟ ಅಂತ ಶುರುಮಾಡಿತು. ಗವ್ವೆನ್ನುವ ಕೋಣೆ, ಬಾಳೆ ಎಲೆ ಊಟ, ಬಡಿಸುವವರೆಲ್ಲ ಕಣ್ಣು ಕಾಣದವರು. ಕಣ್ಣಿಲ್ಲದೆ ಬರೀ ನಾಲಿಗೆಯಿಂದ ರುಚಿ ನೋಡಿ ಅನ್ನೋದು ಅವರ ಪ್ರಚಾರ. ಸುದ್ದಿ ಮೊದಲು ಗೊತ್ತಾದದ್ದು ಯಾರಿಗೆ? ಓರಗಿತ್ತಿಗೆ. ಫೋನ್ ಮಾಡಿ, "ಭಾನುವಾರ ಮಧ್ಯಾಹ್ನ ನಾಲ್ಕು ಜನಕ್ಕೆ ಹೇಳಿಟ್ಟಿದ್ದೀನಿ ಕಣೇ. ನಿಮ್ಮ ಭಾವಂಗೆ ಶಿಫ್ಟು. ನೀನು, ನಿನ್ನ ಗಂಡ, ಅಮ್ಮ, ನಾನು" ಅಂದರು. ನಾನೇ ಕರೆಯಬಹುದಿತ್ತಲ್ಲ, ನನಗ್ಯಾಕೆ ಮೊದಲೇ ತಿಳಿಯಲಿಲ್ಲ ಅಂತ ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ.

ಸಾರಿನಲ್ಲಿ ಸೋತರೂ ಸೀರೆಯಲ್ಲಿ ಗೆಲ್ಲೋಣ ಅಂತ ಹೊಸ ಮೈಸೂರು ಸಿಲ್ಕ್ ಉಟ್ಟೆ. ಮಾವಿನ ಚಿಗುರಿನ ಬಣ್ಣ, ಅಂಗೈ ಅಗಲದ ಜರಿ. ಓರಗಿತ್ತಿ ಹಳೇ ಕಾಟನ್ ಸೀರೆಯಲ್ಲಿ ಬಂದಿದ್ದರು. ನನ್ನನ್ನು ನೋಡುವ ಗೋಜಿಗೇ ಹೋಗದೆ ಅತ್ತೆಯ ಕೈ ಹಿಡಿದು ಮೆಟ್ಟಿಲು ಹತ್ತಿಸಿದರು.

ಬಾಗಿಲಲ್ಲಿ ನಿಂತಿದ್ದ ಹೆಂಗಸು, "ಮೊಬೈಲು, ವಾಚು, ಬೆಳಕು ಬರೋ, ಹೊಳೆಯೋ ವಸ್ತು ಎಲ್ಲಾ ಇಲ್ಲೇ ಬಿಡಿ" ಅಂದರು.

ನಮ್ಮ ಯಜಮಾನರಿಗೆ ನನ್ನ ಮೇಲೆ ಅಭಿಮಾನ ಉಕ್ಕಿ, "ಇವಳ ಸೀರೆ ಜರಿ ಬಹಳ ಹೊಳೆಯುತ್ತಲ್ಲ ಮೇಡಂ?" ಅಂದರು.

ಆಕೆ ಒಮ್ಮೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅದೇನೂ ತೊಂದ್ರೆ ಇಲ್ಲ ಸಾರ್. ಒಳಗೆ ಹೋದ್ಮೇಲೆ ಅದು ಯಾರಿಗೂ ಕಾಣಲ್ಲ" ಅಂದರು.

೪. ಬೇಡ ಬೇಡ

ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು, ಮಕ್ಕಳ ರೈಲಾಟದ ಹಾಗೆ ಒಳಗೆ ಹೋದೆವು. ಮುಂದೆ ನಡೆದವರು ಬಡಿಸುವವರೊಬ್ಬರು, ನಡುವಯಸ್ಸಿನವರು, ದನಿಯಲ್ಲೇ ಗೊತ್ತಾಗುವ ಸಮಾಧಾನ. ಒಂದೇ ಒಂದು ಕುರ್ಚಿಗೂ ತಗುಲದೆ ನಮ್ಮನ್ನು ಕರೆದೊಯ್ದು ಕೂರಿಸಿದರು. ನಾನು, ಎಡಗಡೆ ಯಜಮಾನರು, ಎದುರಿಗೆ ಅತ್ತೆ ಮತ್ತು ಓರಗಿತ್ತಿ ಅಂತ ನನ್ನ ಲೆಕ್ಕ.

ಅತ್ತೆಗೆ ಕತ್ತಲು ಲೆಕ್ಕಕ್ಕೇ ಇರಲಿಲ್ಲ. ಚಿಕ್ಕಂದಿನಿಂದ ಮಠದ ಪಂಕ್ತಿಯಲ್ಲಿ ಊಟ ಮಾಡಿದ ಜೀವ. "ಎಡಕ್ಕೆ ಉಪ್ಪು, ಉಪ್ಪಿನಕಾಯಿ. ಆಚೆಗೆ ಕೋಸಂಬರಿ, ಪಲ್ಯ. ಇದನ್ನ ನೋಡೋಕೆ ದೀಪ ಯಾಕ್ರೋ?" ಅಂತ ಚಪ್ಪರಿಸಿ ತಿನ್ನುತ್ತಿದ್ದರು. ನಾನು ಮೊದಲ ತುತ್ತಿಗೇ ಇಡೀ ಉಪ್ಪಿನ ರಾಶಿ ಬಾಯಿಗೆ ಹಾಕಿಕೊಂಡಿದ್ದೆ.

ಪಾಯಸ ಬಂತು. ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ. ನಮ್ಮ ಕಡೆ ಬೇಡ ಅಂತ ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಎಲೆಗೆ ಎರಡೂ ಕೈ ಅಡ್ಡ ಹಿಡಿಯಬೇಕು. ಅಭ್ಯಾಸಬಲ, ಇವರೂ ಹಿಡಿದರು. ಬಡಿಸುವವರು ನೆಮ್ಮದಿಯಾಗಿ ಎರಡು ಸೌಟು ಪಾಯಸವನ್ನು ಆ ಕೈಗಳ ಮೇಲೇ ಸುರಿದರು.

"ಅಯ್ಯೋ, ಕೈ ಅಡ್ಡ ಹಿಡಿದಿದ್ದೆನಲ್ರೀ!"

"ಹೌದಾ ಸಾರ್? ನನಗೂ ಕಾಣಲ್ಲ, ಇಲ್ಲಿ ನಿಮಗೂ ಕಾಣಲ್ಲ. ಇವತ್ತೊಂದು ದಿನ ಬಾಯಲ್ಲೇ ಹೇಳಿಬಿಡಿ."

ಎಲ್ಲರೂ ನಗುತ್ತಿದ್ದರು. ನನ್ನ ತಲೆಯಲ್ಲಿ ಮಾತ್ರ ಸೀರೆಯದೇ ಧ್ಯಾನ. ಕಾಣದಿದ್ದರೇನು, ಮುಟ್ಟಿದರೆ ತಿಳಿಯುತ್ತದಲ್ಲ? ಸೆರಗನ್ನು ಎದುರಿಗೆ ಚಾಚಿ, "ಅಕ್ಕ, ಹಿಡಿದು ನೋಡಿ" ಅಂದೆ. ಒಂದು ಕೈ ಬಂದು ಸೆರಗು ಹಿಡಿಯಿತು. ಚೆನ್ನಾಗಿ ತಿಕ್ಕಿ ತಿಕ್ಕಿ ನೋಡಿತು. ಉರಿದುಕೊಳ್ಳಲಿ ಅಂತ ನಾನು ಹಿಗ್ಗಿ ಹೀರೇಕಾಯಾದೆ.

ಆಗ ಎಡಗಡೆಯಿಂದ ನಮ್ಮ ಯಜಮಾನರ ದನಿ ಕೇಳಿಸಿತು: "ಪಾಯಸ ಪೂರ್ತಿ ಹೋಯ್ತು ಕಣೇ. ಎಂಥಾ ಮೆತ್ತಗಿನ ಟವಲ್ ಇಟ್ಟಿದ್ದಾರೆ ನೋಡು!"

೫. ಸಾರು

ಅಳು ಬರುವಂತಾಗಿ ಕೂತಿದ್ದಾಗಲೇ ಎಲೆಗೆ ಅನ್ನ, ಸಾರು ಬಿತ್ತು. ಬೇಸರದಲ್ಲೇ ಕಲಸಿ ಬಾಯಿಗಿಟ್ಟೆ. ನಾಲಿಗೆ ನಿಂತುಹೋಯಿತು.

ಹದಿನೈದು ವರ್ಷ ಹೊಟ್ಟೆ ಉರಿದುಕೊಂಡು ತಿಂದ ರುಚಿ ಅದು! ನಿದ್ದೆಯಲ್ಲಿ ಬಾಯಿಗೆ ಬಿಟ್ಟರೂ ಹೇಳುತ್ತಿದ್ದೆ. "ಅಕ್ಕ, ಇದು ನಿಮ್ಮ ಸಾರು!" ಅಂತ ಕೂಗಿದೆ.

ಅಷ್ಟು ಹೊತ್ತು ಗಲಗಲ ಅನ್ನುತ್ತಿದ್ದ ಓರಗಿತ್ತಿಯ ಬಳೆಗಳ ಸದ್ದು ನಿಂತಿತು.

"ಈ ಸಾರು ಯಾರು ಮಾಡಿದ್ದು?" ಅಂತ ಬಡಿಸುವವರನ್ನು ಕೇಳಿದೆ.

"ನಮ್ಮ ಅಡುಗೆಯಮ್ಮ. ಚಾಮರಾಜಪುರಂ ಸ್ಟೇಷನ್ ಹಿಂದೆ ಅವರದು ಮೆಸ್ಸಿದೆ. ಇದೊಂದು ತಿಂಗಳು ಇಲ್ಲಿಗೂ ಮಾಡಿಕೊಡ್ತಿದ್ದಾರೆ. ಸಾರಿಗೆ ಅವರು ಬಹಳ ಫೇಮಸ್ಸು. ಎಷ್ಟೋ ವರ್ಷದಿಂದ ಸುತ್ತಮುತ್ತಲ ಮನೆಗಳಿಗೆ ಕ್ಯಾರಿಯರ್‌ನಲ್ಲಿ ಹೋಗುತ್ತೆ. ಭಾನುವಾರವಂತೂ ತಪ್ಪಲ್ಲ."

ಕ್ಯಾರಿಯರ್! ಬಕೆಟ್ಟಿನ ಮೇಲೆ ನಿಂತು ಕಣ್ಣಾರೆ ನೋಡಿದ್ದೆ. ನೋಡಿಯೂ, ಎಷ್ಟು ಚೆನ್ನಾಗಿ ಬೆಳಗಿದ್ದಾರೆ ಅಂತ ಹೊಟ್ಟೆ ಉರಿದುಕೊಂಡು ಮನೆಗೆ ಬಂದಿದ್ದೆ. ಈಗ ಆದ ಸಂತೋಷಕ್ಕೆ ಸೀರೆಯ ದುಃಖ ಹಾರಿಹೋಯಿತು. ಹಾಲು ಕುಡಿದಷ್ಟು ಖುಷಿ. ಇಷ್ಟು ವರ್ಷ ಕಾದ ಗಳಿಗೆ ಬಂದೇಬಿಟ್ಟಿತು. ಓರಗಿತ್ತಿ ಎದುರಿಗೇ ಇದ್ದಾರೆ, ಅವರು ಎದ್ದು ಓಡಿಹೋಗೋಣ ಅಂದರೂ ದಾರಿ ಕಾಣಲ್ಲ.

"ಕೇಳಿಸ್ತಾ ಅತ್ತೆ?" ಅಂದೆ, ದನಿ ಏರಿಸಿ. "ದೊಡ್ಡವರ ಕೈ, ದೊಡ್ಡವರ ಕೈ ಅಂತಿದ್ದಿರಲ್ಲ, ಅದು ಮೆಸ್ಸಿನವರ ಕೈ! ಅಕ್ಕ ಕೊಂಡು ತಂದು ಬಡಿಸಿದ್ದಾರೆ. ನಾನು ಒಂದು ದಿನವೂ ಹೊರಗಿಂದ ತರಲಿಲ್ಲ. ನನ್ನ ಕೈಯಾರೆ ಮಾಡಿ ಹಾಕಿದ್ದೀನಿ. ಈಗ ಹೇಳಿ!"

ಅತ್ತೆ ಅವಸರವಿಲ್ಲದೆ ಸಾರನ್ನ ಸೊರ್ ಅಂತ ಮುಗಿಸಿದರು. ಕೈ ನೆಕ್ಕಿದ ಸದ್ದೂ ಕೇಳಿಸಿತು.

"ಒಂದೇ ಮನೇಲಿ ಇರೋಳು, ನಂಗೆ ಗೊತ್ತಿಲ್ವೇನೇ? ಮೊದಲ ದಿನದಿಂದ ಗೊತ್ತು. ಅವಳು ತನಗೆ ಸಾರು ಮಾಡಕ್ಕೆ ಬರಲ್ಲ ಅಂತ ತಿಳ್ಕೊಂಡು, ತರಿಸಿ ಹಾಕಿದಳು" ಅಂದರು ಅತ್ತೆ. "ನೀನು ಇಷ್ಟು ವರ್ಷ ಮಾಡಿ ಮಾಡಿ ಹಾಕಿದೆಯಲ್ಲ, ನಿಂಗೆ ಇನ್ನೂ ತಿಳೀಲೇ ಇಲ್ವಲ್ಲೇ!"