ನುರಿತವಳು ನಾನು, ‘ನಾನಾ?’ ಎಂದವರು ಅವರು

ಬೇರೆಯವರ ಮನೆಯಲ್ಲಿ ವೀಸಾ ವಿಷಯ ಬಂದರೆ ತಲೆನೋವು ಬರುತ್ತದೆ. ನಮ್ಮ ಮನೆಯಲ್ಲಿ ಮೊದಲು ಎಡವಟ್ಟು ಬರುತ್ತದೆ, ತಲೆನೋವು ಆಮೇಲೆ. ಜಪಾನಿಗೆ ಬಂದು ಇಳಿದಾಗಿನಿಂದ ಹೀಗೇ. ಆದರೆ ಹೋದ ವರ್ಷದ ಎಡವಟ್ಟುಗಳಿಗೆ ಸರ್ಕಾರವೂ ಕೈಜೋಡಿಸಿದ್ದರಿಂದ ಅವನ್ನು ನಾಲ್ಕು ಜನರ ಮುಂದೆ ಹೇಳಬಹುದು.

ನಾನು ಮೈಸೂರಿನವಳು. ನಗೋಯಾ ಹತ್ತಿರ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸುವ ಎಂಜಿನಿಯರ್ ಆಗಿದ್ದೆ. ಆ ವಿಭಾಗಕ್ಕೇ ಬೀಗ ಬಿತ್ತು. ಬೇಗ ಬೇರೆ ಕೆಲಸ ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು. ಮಗಳು ಇಲ್ಲೇ ಹುಟ್ಟಿದವಳು, ಮೂರನೇ ಕ್ಲಾಸು. ಕನ್ನಡದಲ್ಲಿ ಬೈದರೆ ಚೆನ್ನಾಗಿ ಅರ್ಥವಾಗುತ್ತದೆ, ಉತ್ತರ ಮಾತ್ರ ಜಪಾನಿಯಲ್ಲೇ ಬರುತ್ತದೆ. ಊರಿಗೆ ಹೋಗಬೇಕಾಗಬಹುದು ಅಂದಾಗ, ಅಲ್ಲಿ ಯಾವ ಭಾಷೆಯಲ್ಲಿ ಗೆಳತಿಯರನ್ನು ಮಾಡಿಕೊಳ್ಳಲಿ ಎಂದು ಜಪಾನಿಯಲ್ಲೇ ಅತ್ತಳು.

ಆಗ ಕಣ್ಣಿಗೆ ಬಿದ್ದದ್ದು ಬೆಟ್ಟಗಳ ನಡುವಿನ ಒಂದು ಸಣ್ಣ ಊರಿನ ಯೋಜನೆ. ಜನ ಖಾಲಿಯಾಗುತ್ತಿರುವ ಊರು. ನುರಿತ ಕೆಲಸಗಾರರು ಅಲ್ಲಿ ಬಂದು ನೆಲೆಸುವುದಾದರೆ ಪುರಸಭೆಯೇ ಅವರ ಹೆಸರನ್ನು ಸರ್ಕಾರಕ್ಕೆ ಶಿಫಾರಸು ಮಾಡುತ್ತದೆ, ಶಿಫಾರಸು ಸಿಕ್ಕರೆ ವೀಸಾ ಸಲೀಸು. ಅಲ್ಲಿನ ಒಂದು ಪುಟ್ಟ ಕಾರ್ಖಾನೆ ನನಗೆ ಕೆಲಸ ಕೊಡಲು ತಯಾರಿತ್ತು. ಇನ್ನು ಬೇಕಿದ್ದದ್ದು ಆ ಶಿಫಾರಸು ಒಂದೇ.

ನಮ್ಮ ಯಜಮಾನರ ಬಗ್ಗೆಯೂ ಹೇಳಿಬಿಡುತ್ತೇನೆ. ಸಾಫ್ಟ್‌ವೇರ್ ಕೆಲಸ ಬಿಟ್ಟು ಸ್ವಲ್ಪ ದಿನ ಬ್ರೇಕ್ ಅಂದವರು, ಬ್ರೇಕ್ ಮೇಲಿಂದ ಕಾಲು ತೆಗೆಯುವುದನ್ನು ಮರೆತಿದ್ದಾರೆ. ಮನುಷ್ಯ ಒಳ್ಳೆಯವರೇ. ಆದರೆ ಯಾವ ಕೆಲಸ ಹೇಳಿದರೂ ಎದೆಯ ಮೇಲೆ ಬೆರಳಿಟ್ಟುಕೊಂಡು ಒಂದು ಪ್ರಶ್ನೆ ಕೇಳುತ್ತಾರೆ.

“ರೀ, ಪಾತ್ರೆ ತೊಳೀರಿ.”

“ನಾನಾ?”

“ಕಸ ಇಟ್ಟು ಬನ್ನಿ.”

“ನಾನಾ?”

ಮನೆಯಲ್ಲಿ ಇನ್ಯಾರಾದರೂ ಗಂಡಸು ಅಡಗಿದ್ದಾನೇನೋ ಎಂದು ನಾನೇ ಒಂದೆರಡು ಸಲ ಹಿಂತಿರುಗಿ ನೋಡಿದ್ದೇನೆ.

ಓಜಿಮಾದ ಪಂಡಿತರು

ಟೋಕಿಯೋದ ಓಜಿಮಾದಲ್ಲಿ ನಮ್ಮ ಕಡೆಯವರೊಬ್ಬರಿದ್ದಾರೆ. ಶಿನಾಗಾವಾದಲ್ಲಿ ಆಫೀಸು. ವೀಸಾ ಬಗ್ಗೆ ಅವರಿಗೆ ಗೊತ್ತಿಲ್ಲದ್ದಿಲ್ಲ. ಅವರ ವೀಸಾ ಒಂದು ಬಿಟ್ಟು. ನಾನು ಸಲಹೆ ಕೇಳಿರಲಿಲ್ಲ. ಅವರೇ ಫೋನ್ ಮಾಡಿದರು.

“ಏನಮ್ಮಾ, ಕಾಡಿಗೆ ಹೋಗ್ತಿದ್ದೀರಂತೆ? ಅಲ್ಲಿ ಕರಿಬೇವು ಸಿಗಲ್ಲ, ಗೊತ್ತಾ?”

“ಇಲ್ಲೂ ಸಿಗಲ್ಲ ಸಾರ್. ಕುಂಡದಲ್ಲಿ ಬೆಳ್ಕೊಂಡಿದ್ದೀನಿ.”

“ಟ್ರೈನ್ ಗಂಟೆಗೊಂದು. ಕರಡಿ ಬೇರೆ ಬರುತ್ತಂತೆ. ಇದೆಲ್ಲಾ ಟ್ರ್ಯಾಪ್ ಅಮ್ಮಾ. ಯಾರೂ ಬರ್ತಿಲ್ಲ ಅಂತ ನಮ್ಮಂಥೋರ ಕುತ್ತಿಗೆಗೆ ಕಟ್ತಿದ್ದಾರೆ. ಕ್ವಾಲಿಫೈಡ್ ಜನ ಯಾರಾದ್ರೂ ಅಲ್ಲಿಗೆ ಹೋಗ್ತಾರಾ? ನಾನಂತೂ ಸತ್ರೂ ಹೋಗಲ್ಲ.”

ಉಪದೇಶ ಮುಗಿಯುವಷ್ಟರಲ್ಲಿ ನನ್ನ ಅನ್ನ ತಳ ಹಿಡಿಯಿತು. ಫೋನ್ ಇಡುವ ಹೊತ್ತಿಗೆ ಅವರ ದನಿ ಇದ್ದಕ್ಕಿದ್ದಂತೆ ಇಳಿಯಿತು. ಪಕ್ಕದಲ್ಲಿ ಹೆಂಡತಿ ಇದ್ದಿರಬೇಕು.

“ಅದಿರ್ಲಿ ಅಮ್ಮಾ... ಆ ಊರಲ್ಲಿ ಇನ್ನೊಂದು ಜಾಗ ಖಾಲಿ ಇದ್ಯಾ, ಸ್ವಲ್ಪ ವಿಚಾರಿಸ್ತೀರಾ?”

ಕಾಗದವಿಲ್ಲದ ಕಚೇರಿ

ಅರ್ಜಿ ಕೊಡಲು ಮೂವರೂ ಆ ಊರಿನ ಪುರಸಭೆಗೆ ಹೋದೆವು. ಬಾಗಿಲಲ್ಲೇ ದೊಡ್ಡ ಪೋಸ್ಟರ್: ನಮ್ಮದು ಕಾಗದವಿಲ್ಲದ ಕಚೇರಿ. ಕೌಂಟರಿನಲ್ಲಿದ್ದ ಅಧಿಕಾರಿ ನನ್ನ ದಪ್ಪ ಕಡತವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಹಣೆಗೆ ಒತ್ತಿಕೊಳ್ಳುವುದೊಂದು ಬಾಕಿ ಎನ್ನುವಷ್ಟು ಭಕ್ತಿಯಿಂದ ಪಕ್ಕಕ್ಕಿಟ್ಟ. ತೆರೆಯಲಿಲ್ಲ.

“ದಯವಿಟ್ಟು ಕ್ಷಮಿಸಿ, ಇದರ ಇನ್ನೊಂದು ಪ್ರತಿ ಬೇಕಿತ್ತು.”

“ಇಲ್ಲೇ ಜೆರಾಕ್ಸ್ ಮಾಡಬಹುದಾ?”

“ಕ್ಷಮಿಸಿ. ಕಾಗದವಿಲ್ಲದ ಕಚೇರಿಯಾದ ಮೇಲೆ ಆ ಯಂತ್ರ ತೆಗೆದುಬಿಟ್ಟಿದ್ದೇವೆ. ಕೊಂಬಿನಿಯಲ್ಲಿ ಮಾಡಿಸಬಹುದು.”

ಕೊಂಬಿನಿ ಅಂದರೆ ಇಲ್ಲಿ ಹಗಲೂ ರಾತ್ರಿ ತೆರೆದಿರುವ ಅಂಗಡಿ. ಆ ಊರಿನಲ್ಲಿ ಅದಿದ್ದದ್ದು ಗುಡ್ಡದ ಕೆಳಗೆ. ಮಗಳನ್ನು ಕರೆದುಕೊಂಡು ಇಳಿದೆ, ಹತ್ತಿದೆ. ಏದುಸಿರು ಬಿಡುತ್ತಾ ಬಂದರೆ, ಆ ಅಧಿಕಾರಿ ಕೌಂಟರ್ ದಾಟಿ ಈಚೆಗೆ ಬಂದು ನಮ್ಮ ಯಜಮಾನರಿಗೆ ಸೊಂಟ ಮುರಿಯುವಂತೆ ಬಗ್ಗುತ್ತಿದ್ದ. ಇವರೂ ಬಗ್ಗುತ್ತಿದ್ದರು. ಯಾರು ಮೊದಲು ನಿಲ್ಲಿಸಬೇಕು ಎಂದು ಇಬ್ಬರಿಗೂ ಗೊತ್ತಿದ್ದಂತಿರಲಿಲ್ಲ.

“ಏನಾಯ್ತು ರೀ? ಏನ್ ಹೇಳಿದ್ರಿ ಅವ್ರಿಗೆ?”

“ಏನೂ ಇಲ್ಲ ಕಣೇ. ಏನೋ ಕೇಳಿದ. ನನಗೆಲ್ಲಿ ಜಪಾನಿ ಬರುತ್ತೆ? ಉತ್ತರಾನೇ ಕೊಡ್ಲಿಲ್ಲ.”

ಸದ್ಯ ಎಂದುಕೊಂಡೆ. ಇವರು ಉತ್ತರ ಕೊಡದಿದ್ದರೆ ಯಾವ ಕೆಲಸವೂ ಕೆಡುವುದಿಲ್ಲ ಎಂಬ ಭ್ರಮೆ ಆಗಿನ್ನೂ ನನಗಿತ್ತು.

ಇಂಗಿನ ವಿಚಾರಣೆ

ಆಮೇಲೆ ಪರೀಕ್ಷೆ. ನುರಿತ ಕೆಲಸಗಾರರು ಊರಿಗೆ ಹೊಂದಿಕೊಳ್ಳುತ್ತಾರಾ ನೋಡಲು ಶನಿವಾರ, ಭಾನುವಾರ ಅಲ್ಲೇ ಒಂದು ಖಾಲಿ ಮನೆಯಲ್ಲಿ ಉಳಿಯಬೇಕು. ನಮಗೆ ಕೊಟ್ಟದ್ದು ಛತ್ರದಂಥ ಮನೆ. ಮೂವರಿಗೆ ಇಷ್ಟೊಂದು ಕೋಣೆ ಯಾಕೆ ಎಂದು ಅನ್ನಿಸಿತು; ಹಳ್ಳಿಯವರ ಉದಾರ ಮನಸ್ಸು ಅಂದುಕೊಂಡೆ.

ಅಕ್ಕಪಕ್ಕದವರ ಮುಂದೆ ಮರ್ಯಾದೆಯಿಂದ ಇರೋಣವೆಂದು ಸಾರು ಮಾಡಿದೆ. ಒಗ್ಗರಣೆಗೆ ಇಂಗು ಬಿದ್ದು ಇನ್ನೂ ಚಟಪಟ ನಿಂತಿಲ್ಲ, ಪಕ್ಕದ ಮನೆಯ ಅಜ್ಜಿ ಗ್ಯಾಸ್ ಕಂಪನಿಗೆ ಫೋನ್ ಮಾಡಿದ್ದರು. ಹೆಲ್ಮೆಟ್ ಹಾಕಿಕೊಂಡ ಇಬ್ಬರು ಬಂದು ಒಂದು ಯಂತ್ರವನ್ನು ಸಿಲಿಂಡರ್, ಪೈಪು, ಒಲೆ ಎಲ್ಲದರ ಮೇಲೂ ಆಡಿಸಿದರು. ಯಂತ್ರ ತುಟಿಪಿಟಕ್ ಎನ್ನಲಿಲ್ಲ. ಅವರ ಮೂಗು ಮಾತ್ರ ಒಪ್ಪುತ್ತಿಲ್ಲ.

“ಎಲ್ಲೋ ಖಂಡಿತ ಸೋರುತ್ತಿದೆ,” ಎಂದ ಹಿರಿಯವನು.

ನಾನು ಇಂಗಿನ ಡಬ್ಬಿ ತೆರೆದು ಅವನ ಮೂಗಿನ ಹತ್ತಿರ ಹಿಡಿದೆ. ಅವನು ಎರಡು ಹೆಜ್ಜೆ ಹಿಂದೆ ಹೋಗಿ, ಹೆಲ್ಮೆಟ್ ತೆಗೆದು, ಗಂಭೀರವಾಗಿ ಕೇಳಿದ:

“ಇದನ್ನು... ಯಾರಾದರೂ ಬಲವಂತ ಮಾಡಿ ತಿನ್ನಿಸುತ್ತಾರೋ?”

ನನ್ನ ಕೌಶಲ

ಮುಂದಿನದು ಅಧಿಕಾರಿಗಳ ಸಮಿತಿ ಎದುರು ಸಂದರ್ಶನ. ಕೂದಲೆಳೆಯ ದಪ್ಪಕ್ಕಿಂತ ಕಡಿಮೆ ವ್ಯತ್ಯಾಸವನ್ನು ಅಳೆಯುವುದು ನನ್ನ ಕಸುಬು. ಅದನ್ನೆಲ್ಲ ಜಪಾನಿಯಲ್ಲಿ ವಿವರಿಸಲು ವಾರಗಟ್ಟಲೆ ಬಾಯಿಪಾಠ ಮಾಡಿದ್ದೆ.

ಮೊದಲ ಪ್ರಶ್ನೆ: “ಹಿಮ ಇಷ್ಟವೇ?”

ಮೈಸೂರಿನ ಡಿಸೆಂಬರಿಗೇ ಮಂಕಿ ಕ್ಯಾಪ್ ಹಾಕುವ ವಂಶ ನಮ್ಮದು. “ತುಂಬಾ ಇಷ್ಟ,” ಅಂದೆ.

“ಮೀನು ತಿನ್ನುತ್ತೀರಾ?”

“ಇಲ್ಲ.”

“ಕಾಡುಹಂದಿ?”

“ಇಲ್ಲ. ಸಸ್ಯಾಹಾರಿ.”

ಸಮಿತಿಯ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಹಲ್ಲಿನ ಸಂದಿಯಿಂದ ಸ್‌ಸ್‌ಸ್ ಎಂದು ಗಾಳಿ ಎಳೆದುಕೊಂಡ. ಜಪಾನಿನಲ್ಲಿ ಆ ಸದ್ದು ಬಂತೆಂದರೆ ಕೆಲಸ ಕೆಟ್ಟಿತು ಎಂದೇ ಅರ್ಥ. ನಡುವೆ ಕೂತವನು ನಯವಾಗಿ, “ಪರಿಶೀಲಿಸುತ್ತೇವೆ,” ಎಂದ. ಅದನ್ನು ಯಾರೂ ನನಗೆ ಬಿಡಿಸಿ ಹೇಳಬೇಕಿರಲಿಲ್ಲ. ಮೈಸೂರಿನ ಸರ್ಕಾರಿ ಕಚೇರಿಗಳಲ್ಲಿ ‘ನೋಡೋಣ’ ಕೇಳಿಕೊಂಡೇ ಬೆಳೆದವಳು ನಾನು.

ತಡೆಯಲಾರದೆ ಕೇಳಿಯೇಬಿಟ್ಟೆ: “ನನ್ನ ಕೆಲಸದ ಬಗ್ಗೆ ಪ್ರಶ್ನೆ ಇಲ್ಲವೇ?”

“ಓ, ಹೌದು, ಹೌದು,” ಎಂದು ನಡುವಿನವನು ಕಾಗದ ತಿರುವಿದ. “ಮಕ್ಕಳು ಆರೋಗ್ಯವಾಗಿದ್ದಾರೆಯೇ?”

ಏಳು ಕುರ್ಚಿ

ಇನ್ನು ನಮ್ಮ ಕಥೆ ಮುಗಿಯಿತು ಎಂದು ಸೂಟ್‌ಕೇಸ್ ಕೆಳಗಿಳಿಸಿದ್ದೆ. ಆಗ ಪುರಸಭೆಯಿಂದ ಫೋನು. ಮೇಯರ್ ಅವರೇ ಭೇಟಿ ಮಾಡುತ್ತಾರಂತೆ, ಕುಟುಂಬದವರೆಲ್ಲ ಬರಬೇಕಂತೆ. “ಎಲ್ಲರೂ,” ಎಂದು ಅಧಿಕಾರಿ ಒತ್ತಿ ಒತ್ತಿ ಹೇಳಿದ.

ಹೋದೆವು. ಮೇಯರ್, ಸಮಿತಿಯವರು, ಅವತ್ತಿನ ಕೌಂಟರಿನ ಅಧಿಕಾರಿ, ಊರಿನ ಶಾಲೆಯ ಹೆಡ್‌ಮಾಸ್ಟರು, ಎಲ್ಲರೂ ಎದ್ದು ನಿಂತಿದ್ದರು. ನಮಗಾಗಿ ಏಳು ಕುರ್ಚಿ, ಏಳು ಲೋಟ ಟೀ. ನಾವು ಮೂರು ಕುರ್ಚಿಯಲ್ಲಿ ಕೂತೆವು. ಅವರು ಯಾರೂ ಕೂರಲಿಲ್ಲ. ಬಾಗಿಲ ಕಡೆ ನೋಡುತ್ತಲೇ ಇದ್ದರು.

“ಉಳಿದ ಮಕ್ಕಳು ಕಾರಿನಲ್ಲಿದ್ದಾರೆಯೇ?” ಹೆಡ್‌ಮಾಸ್ಟರು ಆಸೆಯಿಂದ ಕೇಳಿದರು.

“ಯಾವ ಮಕ್ಕಳು? ನಾವು ಇರುವುದೇ ಮೂವರು.”

ಕೌಂಟರಿನ ಅಧಿಕಾರಿಯ ಮುಖ ಸುಣ್ಣವಾಯಿತು. “ಆದರೆ ನಿಮ್ಮ ಯಜಮಾನರೇ ಹೇಳಿದರಲ್ಲ, ಏಳು ಜನ ಎಂದು!”

ನಾನು ಇವರ ಕಡೆ ತಿರುಗಿದೆ. “ರೀ, ಅವತ್ತು ನಾನು ಕೊಂಬಿನಿಗೆ ಹೋದಾಗ ಇವ್ರು ಏನು ಕೇಳಿದ್ರು?”

“ಏನೋ ‘ನನ್ನಿನ್, ನನ್ನಿನ್’ ಅಂದ ಕಣೇ. ನನ್ನನ್ನೇ ಕೇಳ್ತಿದ್ದಾನೆ ಅಂದ್ಕೊಂಡು ‘ನಾನಾ?’ ಅಂದೆ. ಅಷ್ಟೇ.”

ಹಣೆ ಚಚ್ಚಿಕೊಳ್ಳಬೇಕೆನ್ನಿಸಿತು. ಜಪಾನಿಯಲ್ಲಿ ‘ನನ್ನಿನ್’ ಅಂದರೆ ‘ಎಷ್ಟು ಜನ’. ‘ನಾನಾ’ ಅಂದರೆ ಏಳು. ಮಕ್ಕಳಿಲ್ಲದೆ ಶಾಲೆ ಮುಚ್ಚುವ ಭಯದಲ್ಲಿದ್ದ ಊರಿಗೆ ಇವರು ಒಂದೇ ಮಾತಿನಲ್ಲಿ ಐದು ಮಕ್ಕಳನ್ನು ಕೊಟ್ಟಿದ್ದರು! ಛತ್ರದಂಥ ಮನೆ ಬಂದದ್ದು, ಸಂದರ್ಶನದಲ್ಲಿ ಮಕ್ಕಳ ಆರೋಗ್ಯ ಕೇಳಿದ್ದು, ಎಲ್ಲವೂ ಅದಕ್ಕೇ. ಮೂವರು ಎಂದು ನನ್ನ ಅರ್ಜಿಯ ಮೊದಲ ಪುಟದಲ್ಲೇ ಇತ್ತು, ಎರಡು ಪ್ರತಿಯಲ್ಲೂ. ಯಾರಾದರೂ ತೆರೆದಿದ್ದರೆ ತಾನೆ?

ಎದ್ದು ನಿಂತು ವಿಷಯ ಬಿಡಿಸಿ ಹೇಳಿದೆ. ನಮ್ಮ ಭಾಷೆಯಲ್ಲಿ ‘ನಾನಾ’ ಅಂದರೆ ‘ನನ್ನನ್ನೇ ಕೇಳುತ್ತಿರುವುದೇ’ ಎಂದು, ಕೆಲಸ ಬಂದಾಗ ಹೆಚ್ಚಾಗಿ ಬಳಸುತ್ತಾರೆ ಎಂದು. ಸ್‌ಸ್‌ಸ್ ಎಂದು ಎಲ್ಲರೂ ಒಟ್ಟಿಗೆ ಗಾಳಿ ಎಳೆದುಕೊಂಡರು. ಹೆಡ್‌ಮಾಸ್ಟರು ಕುಸಿದು ಕೂತರು. ಮಗಳು ನನ್ನ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವಳಿಗೂ ಆ ಸದ್ದಿನ ಅರ್ಥ ಗೊತ್ತು. ಆ ಗಳಿಗೆಯಲ್ಲಿ ನನಗೆ ನಗು ಬರಲಿಲ್ಲ, ನಿಜವಾಗಿಯೂ ಅಳು ಬಂತು.

ಮೇಯರ್ ಮಾತ್ರ ಮಗಳನ್ನೇ ನೋಡುತ್ತಿದ್ದರು. “ನಮ್ಮ ಶಾಲೆಗೆ ಬರುತ್ತೀಯಾ?” ಎಂದು ಕೇಳಿದರು. ಅವಳು ಕಿರುಚಿದಂತೆ ‘ಹಾಯ್!’ ಅಂದಳು. ಇಲ್ಲಿ ‘ಹೌದು’ ಎನ್ನುವುದು ಹಾಗೆ. ಮೇಯರ್ ತಲೆಯಾಡಿಸಿ ನನಗೆ ಹೇಳಿದರು:

“ಒಂದು ಮಗುವಾದರೂ ಮಗುವೇ. ಆದರೆ ಏಳು ಜನ ಎಂದು ಊರಿಗೆಲ್ಲ ಹೇಳಿಬಿಟ್ಟಿದ್ದೇನೆ, ನನ್ನ ಮರ್ಯಾದೆಯೂ ಉಳಿಯಬೇಕು. ಇಲ್ಲಿ ಎಲ್ಲರೂ ವಯಸ್ಸಾದವರು. ಚಳಿಗಾಲದಲ್ಲಿ ಬಾಗಿಲ ಮುಂದಿನ ಹಿಮ ಬಾಚುವವರಿಲ್ಲ. ನಿಮ್ಮ ಯಜಮಾನರು ಗಟ್ಟಿಮುಟ್ಟಾಗಿದ್ದಾರೆ. ಎಷ್ಟು ಮನೆ ನೋಡಿಕೊಳ್ಳುತ್ತಾರೆ, ಕೇಳಿ.”

ನಾನು ಕೇಳಿದೆ: “ರೀ, ಬೆಳಿಗ್ಗೆ ಎದ್ದು ಎಷ್ಟು ಮನೆ ಹಿಮ ತೆಗೀತೀರಿ ಅಂತ ಕೇಳ್ತಿದ್ದಾರೆ.”

ಇವರು ಎದೆಯ ಮೇಲೆ ಬೆರಳಿಟ್ಟುಕೊಂಡರು.

“ನಾನಾ?”

ಮೇಯರ್ ಮೇಜು ಬಡಿದು ನಕ್ಕರು. “ಏಳು ಮನೆ! ನಿಮ್ಮ ಭಾಷೆಯಲ್ಲಿ ಏನೇ ಇರಲಿ, ನಮ್ಮ ಊರಿನಲ್ಲಿ ನಾನಾ ಅಂದರೆ ಏಳೇ!” ಎಲ್ಲರೂ ಚಪ್ಪಾಳೆ ತಟ್ಟಿದರು. ಶಿಫಾರಸಿನ ಮೇಲೆ ಕೆಂಪು ಮುದ್ರೆ ಬಿತ್ತು. ನನ್ನ ಡಿಗ್ರಿ, ನನ್ನ ಅನುಭವ, ನನ್ನ ಕೂದಲೆಳೆ ಲೆಕ್ಕ ಎಲ್ಲವೂ ತೆರೆಯದ ಕಡತದಲ್ಲಿ ಸುಖವಾಗಿ ಮಲಗಿದ್ದವು. ಸರ್ಕಾರ ಕೊನೆಗೂ ಒಂದು ಕೌಶಲವನ್ನು ಗುರುತಿಸಿತ್ತು, ಅದು ನನ್ನದಲ್ಲ.

ಇವರಿಗೆ ಒಂದೂ ಅರ್ಥವಾಗಿರಲಿಲ್ಲ. “ಯಾಕೆ ಚಪ್ಪಾಳೆ? ಏನಾಯ್ತು ಕಣೇ?”

“ವೀಸಾ ಆದ ಹಾಗೇ ರೀ.”

“ಅಬ್ಬಾ! ಯಾರಿಂದ ಆಯ್ತು?”

“ಇನ್ಯಾರಿಂದ? ನಿಮ್ಮಿಂದ.”

ಅವರ ಬೆರಳು ಮತ್ತೆ ಎದೆಯ ಕಡೆ ಹೊರಟಿತು, ಬಾಯಿ ತೆರೆಯಿತು. ಹುಟ್ಟಿದಾಗಿನಿಂದ ನಮಗೆ ಜಪಾನಿಯಲ್ಲೇ ಉತ್ತರ ಕೊಟ್ಟ ಮಗಳು ಚಂಗನೆ ಹಾರಿ ಎರಡೂ ಕೈಯಿಂದ ಆ ಬಾಯಿ ಮುಚ್ಚಿ, ಅಚ್ಚ ಕನ್ನಡದಲ್ಲಿ ಕೂಗಿದಳು:

“ಅಪ್ಪಾ, ಸುಮ್ನಿರು! ಹದಿನಾಲ್ಕು ಮನೆ ಆಗ್ಬಿಡತ್ತೆ!”