ಮುರುಡೇಶ್ವರಕ್ಕೆ ಒಂದು ಹನಿ ಕಣ್ಣೀರು

ಶುಕ್ರವಾರ ಬೆಳಿಗ್ಗೆ ತಾರಸಿಯ ಮೇಲೆ ಒಣಗಿದ್ದ ಟವೆಲ್ಲುಗಳನ್ನು ತೆಗೆಯಲು ಹೋದ ಸಿದ್ದೇಶನ ನೆತ್ತಿಗೆ ಕಾಗೆಯೊಂದು ರಪ್ಪೆಂದು ಬಡಿದು ಹೋಯಿತು. ಪೆಟ್ಟೇನೂ ದೊಡ್ಡದಲ್ಲ; ತೂಕಡಿಸುವ ಹುಡುಗನ ತಲೆಗೆ ಮೇಷ್ಟ್ರು ಡಸ್ಟರಿನಿಂದ ತಟ್ಟಿದಷ್ಟು. ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವ ಸಿದ್ದೇಶ್ ಹೆದರುವ ಪೈಕಿಯೂ ಅಲ್ಲ. ಪಕ್ಕದ ತೆಂಗಿನಮರದಲ್ಲಿ ಗೂಡಿದೆ, ಮೇ ತಿಂಗಳು ಮರಿ ಮಾಡುವ ಕಾಲ, ಟವೆಲ್ ಬೀಸಿದ್ದಕ್ಕೆ ತಾಯಿಕಾಗೆ ಗಾಬರಿಯಾಗಿದೆ ಎಂದು ಕಾರಣಗಳನ್ನು ಒಂದರ ಪಕ್ಕ ಒಂದು ಜೋಡಿಸಿಕೊಂಡು ನೆತ್ತಿ ಸವರುತ್ತ ಕೆಳಗಿಳಿದ. ಆದರೆ ಎದುರು ಮನೆಯ ಪ್ರೇಮಮ್ಮ ಅದನ್ನು ನೋಡಿಬಿಟ್ಟಿದ್ದರು.

"ಪುಟ್ಟಲಿಂಗಮ್ಮಾ! ನಿನ್ ಮಗನ ತಲೇಗೆ ಕಾಗೆ ಮುಟ್ಬುಡ್ತು ಕಣವ್ವಾ!"

ಮೈಸೂರಿನ ಅಶೋಕಪುರಂನ ಆ ಬೀದಿಯಲ್ಲಿ ಗ್ಯಾಸ್ ಸಿಲಿಂಡರ್ ಬಂದರೂ ಅಷ್ಟು ಬೇಗ ಬಾಗಿಲುಗಳು ತೆರೆಯುವುದಿಲ್ಲ. ಸಿದ್ದೇಶನ ತಾಯಿ ಪುಟ್ಟಲಿಂಗಮ್ಮ ಅರ್ಧ ಜೋಡಿಸಿದ್ದ ತಮ್ಮ ಬ್ಯಾಗನ್ನು ಅಲ್ಲೇ ಬಿಟ್ಟು ಗೋಡೆಗೊರಗಿ ಕೂತರು.

"ನಾನು ಬರಕಿಲ್ಲ. ನೀವೂ ಹೋಗಂಗಿಲ್ಲ. ಕಾಗೆ ಮುಟ್ಟಿದ ತಲೆ ಇಟ್ಕೊಂಡು ಸಮುದ್ರಕ್ಕೆ ಹೋದ್ರೆ ಅದು ಬುಟ್ಟದಾ?"

"ಅವ್ವಾ, ಅದು ಗೂಡು ಕಾಯೋ ಕಾಗೆ..."

"ಯಮನೂ ಅದ್ನೇ ಅನ್ಕಂಡು ಬರ್ತಾನೆ, ನಾನು ಕೋಣ ಕಾಯೋನು ಅಂತ."

ವ್ಯಾನು ಹನ್ನೊಂದಕ್ಕೆ ಬರಬೇಕಿತ್ತು. ಮುರುಡೇಶ್ವರದಲ್ಲಿ ಎರಡು ದಿನ. ಮಗಳು ಲಾಸ್ಯ ಸಮುದ್ರ ನೋಡಬೇಕೆಂದು ಕೇಳತೊಡಗಿ ಮೂರು ಬೇಸಿಗೆ ಕಳೆದಿತ್ತು. ಒಂದು ಬೇಸಿಗೆ ಚುನಾವಣೆ ಕೆಲಸ, ಇನ್ನೊಂದು ಬೇಸಿಗೆ ಅವ್ವನ ಮಂಡಿ. ಮೂರನೆಯದನ್ನು ನುಂಗಿದ್ದು ಸಿದ್ದೇಶನ ವಿಚಾರಣೆ. ಏನನ್ನೂ ಪರೀಕ್ಷಿಸದೆ ಮಾಡುವವನಲ್ಲವಾದ್ದರಿಂದ, ಮಕ್ಕಳೊಂದಿಗೆ ಅಲ್ಲಿಗೆ ಹೋಗಬಹುದೇ ಎಂದು ಅವನು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೇಳಿದ್ದ. ಸಮುದ್ರ ನೋಡಿದವರು, ನೋಡದವರು ಎಲ್ಲರೂ ಬೇಡವೆಂದರು. ಬಿಸಿಲಂತೆ, ನೂಕುನುಗ್ಗಲಂತೆ, ತಟ್ಟೆಯೊಳಗೆಲ್ಲ ಮರಳಂತೆ. ಫಿಸಿಕ್ಸಿನ ಶಿವಕಿರಣ್ ಅಂತೂ, "ಅಲ್ಲೇನಿದೆ ಸಾರ್? ನೀರು. ನಮ್ಮ ಕುಕ್ಕರಹಳ್ಳಿ ಕೆರೇಲಿ ಇಲ್ವಾ?" ಎಂದು ತೀರ್ಪು ಕೊಟ್ಟಿದ್ದ. ಕೊನೆಗೆ ಈ ವರ್ಷ ಹೆಂಡತಿ ಸುಮಾ ಹೇಳಿದ ಮಾತು ಸಿದ್ದೇಶನಿಗೆ ನಾಟಿತ್ತು: "ಹೋದ ವರ್ಷ ದಿನಾ ಕೇಳ್ತಿದ್ಲು. ಈ ವರ್ಷ ಒಂದೇ ಸಲ ಕೇಳಿದ್ದಾಳೆ. ಬರೋ ವರ್ಷ ಕೇಳಲ್ಲ ನೋಡ್ರಿ. ನಿಮ್ಮಪ್ಪ ಸುಳ್ಳ ಅಂತ ನನ್ನ ಬಾಯಲ್ಲಿ ಹೇಳಿಸ್ಬೇಡಿ." ಅವತ್ತೇ ಅವನು ಶಿವಕಿರಣನನ್ನು ಹಿಡಿದು, ಅವನ ಷಡ್ಡಕ ರಾಜೇಶನ ವ್ಯಾನನ್ನೂ ಒಂದು ಲಾಡ್ಜನ್ನೂ ಗೊತ್ತುಮಾಡಿಸಿದ್ದ.

ಈಗ ಲಾಸ್ಯ ಹೊಸ ಟೋಪಿ ಹಾಕಿಕೊಂಡು ಸೂಟ್‌ಕೇಸಿನ ಮೇಲೆ ಕೂತಿದ್ದಳು. ಅಪ್ಪನ ಮುಖವನ್ನೊಮ್ಮೆ ನೋಡಿ ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ಇದಕ್ಕೆ ಪರಿಹಾರ ಅದೆ ಕಣ್ರೀ," ಎನ್ನುತ್ತ ಒಳಗೆ ಬಂದವರು ಜವರಪ್ಪ. ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಮೇಲೆ ಅವರು ಬೀದಿಯ ಎಲ್ಲ ಮನೆಗಳ ರಿಪೇರಿ ಕೆಲಸಕ್ಕೂ ತಾವಾಗಿಯೇ ನೇಮಕವಾಗಿದ್ದರು. "ಆಗಿನ ಕಾಲದಲ್ಲಿ ಏನು ಮಾಡ್ತಿದ್ರು? ಕಾಗೆ ಮುಟ್ಟಿದವನು ಸತ್ತೋದ ಅಂತ ದೂರದ ನೆಂಟ್ರಿಗೆ ಸುದ್ದಿ ಕಳಿಸೋರು. ಅವ್ರು ಅತ್ಬುಟ್ರೆ ಸಾವು ಮುಗೀತು, ಲೆಕ್ಕ ಚುಕ್ತಾ ಅಂತ ಕಾಗೆ ತಂದಿದ್ದು ವಾಪಸ್ ಹೋಯ್ತದೆ. ಆಮೇಲೆ ಬದುಕವ್ನೆ ಅಂತ ಹೇಳುದ್ರಾಯ್ತು. ಒಂದೇ ಒಂದು ಹನಿ ಕಣ್ಣೀರು ಸಾಕು."

"ಜವರಪ್ಪಣ್ಣ, ನಾನು ವಿಜ್ಞಾನ ಸಂಘದ ಕಾರ್ಯದರ್ಶಿ. ಮೂಢನಂಬಿಕೆ ಬಗ್ಗೆ ಭಾಷಣ ಮಾಡೋನು."

"ಭಾಷಣ ಆಮೇಲೂ ಮಾಡ್ಬೋದು. ಈಗ ಸತ್ತೋಗು ಮೊದ್ಲು."

ಸಿದ್ದೇಶ್ ತಾಯಿಯ ಕಡೆ ನೋಡಿದ. ಅವರು ಬ್ಯಾಗಿನಿಂದ ಸೀರೆ ಹೊರತೆಗೆಯುತ್ತಿದ್ದರು. ಮಗಳ ಕಡೆ ನೋಡಿದ. ನಂತರ ತನ್ನ ಫೋನನ್ನು ಜವರಪ್ಪನವರ ಕೈಗಿಟ್ಟ. "ಬೇಗ ಮುಗಿಸಿ," ಎಂದ.

ಜವರಪ್ಪ ನಂಬರುಗಳನ್ನು ತಮ್ಮ ಫೋನಿಗೆ ಇಳಿಸಿಕೊಂಡು ಅವನ ಫೋನನ್ನು ಆಫ್ ಮಾಡಿ ಜೇಬಿಗೆ ಹಾಕಿಕೊಂಡರು. ಸತ್ತವನು ಫೋನ್ ಎತ್ತಬಾರದಂತೆ. ಇನ್ನೊಂದು ನಿಯಮವೂ ಇತ್ತು: ಯಾರಾದರೂ ಅಳುವವರೆಗೆ ಗುಟ್ಟು ಬಿಡಕೂಡದು, ಬಿಟ್ಟರೆ ದೋಷ ಎರಡರಷ್ಟು.

ಮೊದಲ ಕರೆ ಕೆ.ಆರ್. ನಗರದ ಕಡೆಯ ಹಳ್ಳಿಯಲ್ಲಿರುವ ಸೋದರಮಾವನಿಗೆ. ಜವರಪ್ಪ ಗಂಟಲು ಸರಿಮಾಡಿಕೊಂಡು, ಸ್ಪೀಕರ್ ಹಾಕಿ, ನಡುಗುವ ದನಿಯಲ್ಲಿ ಸುದ್ದಿ ಹೇಳಿದರು.

"ಅಯ್ಯೋ, ಹೋಗ್ಬುಟ್ನಾ?" ಎಂದಿತು ಆ ಕಡೆಯ ದನಿ. ಎಲ್ಲರೂ ಉಸಿರು ಬಿಗಿಹಿಡಿದರು. "ಅಲ್ಲ, ಇವತ್ತೇ ಹೋಗ್ಬೇಕಾ? ಭತ್ತ ಕೊಯ್ಯೋ ಮಿಷನ್ನು ಹದಿನೈದು ದಿನ ಕಾದ ಮೇಲೆ ಇವತ್ತು ಸಿಕ್ಕದೆ. ಮಣ್ಣು ಇಲ್ಲೇ ಮಾಡದಾದ್ರೆ ಹೇಳಿ, ಗುಂಡಿ ತೆಗುಸ್ತೀನಿ. ಜೆಸಿಬಿನೂ ಇಲ್ಲೇ ಅದೆ."

"ಗುಂಡಿ ಈಗ್ಲೇ ಬ್ಯಾಡ," ಎಂದು ಜವರಪ್ಪ ಆತುರವಾಗಿ ಹೇಳುವಷ್ಟರಲ್ಲಿ ಫೋನು ಕಟ್ಟಾಗಿತ್ತು.

"ಮಾವ ಅಳಲಿಲ್ಲ," ಎಂದ ಸಿದ್ದೇಶ್.

"ಗಂಡಸ್ರು ಬೇಗ ಅಳಲ್ಲ ಬುಡು. ಹೆಂಗಸ್ರಿಗೆ ಮಾಡಣ."

ಎರಡನೆಯ ಕರೆ ದೊಡ್ಡಮ್ಮನ ಮಗಳು ಮಂಜುಳಮ್ಮನಿಗೆ. ಚಿಕ್ಕಂದಿನಲ್ಲಿ ಸಿದ್ದೇಶನನ್ನು ಸೊಂಟದಿಂದ ಇಳಿಸದೆ ಬೆಳೆಸಿದ ಅಕ್ಕ. ಆಕೆ ಸುದ್ದಿ ಕೇಳಿ, "ನಾನು ಹೇಳ್ದೆ, ದಿನಾ ವಾಕಿಂಗ್ ಹೋಗೋ ಅಂತ. ಕೇಳಿದ್ನಾ?" ಎಂದು ಶುರುಮಾಡಿದರು. ವಾಕಿಂಗು, ಮೆಂತ್ಯದ ನೀರು, ಅನ್ನದ ಬದಲು ಸಿರಿಧಾನ್ಯ. ಸತ್ತವನು ಮುಂದಿನ ಸಲ ಹೇಗೆ ಎಚ್ಚರವಾಗಿರಬೇಕು ಎಂಬುದನ್ನೆಲ್ಲ ವಿವರಿಸಿ, ಕುಕ್ಕರ್ ಕೂಗಿತೆಂದು ಹೊರಟರು.

ಪ್ರೇಮಮ್ಮನಿಗೆ ತಡೆಯಲಾಗಲಿಲ್ಲ. ಸೀರಿಯಲ್ಲಿನಲ್ಲಿ ಸೊಸೆ ತವರಿಗೆ ಹೊರಟರೂ ಸೆರಗು ಒದ್ದೆ ಮಾಡಿಕೊಳ್ಳುವವರು ಅವರು. "ಬುಡ್ರಿ, ನಾನೇ ಅಳ್ತೀನಿ," ಎಂದು ಸಿದ್ದೇಶನ ಎದುರು ಕೂತು ಕಣ್ಣು ಮುಚ್ಚಿದರು. ಮೂಗು ಅರಳಿತು, ಗದ್ದ ನಡುಗಿತು. ಕಣ್ಣು ತೆರೆದರು.

"ಊಂಹೂಂ. ಎದುರಿಗೆ ಕೂತು ಉಪ್ಪಿಟ್ಟು ತಿಂತಾ ಇದ್ರೆ ಎಂಗಪ್ಪ ಬತ್ತದೆ ಅಳು?"

ಸಿದ್ದೇಶ್ ತಟ್ಟೆಯನ್ನು ಕೆಳಗಿಟ್ಟ. ಬೆಳಿಗ್ಗೆ ಇದು ಅವನಿಗೆ ನಾಚಿಕೆಯ ವಿಷಯವಾಗಿತ್ತು. ಈಗ ಬೇರೇನೋ ಆಗತೊಡಗಿತ್ತು. ಕಣ್ಣೀರೆಂದರೆ ನೀರು, ಚಿಟಿಕೆ ಉಪ್ಪು, ಒಂದಿಷ್ಟು ಪ್ರೋಟೀನು. ಪ್ರಯೋಗಶಾಲೆಯಲ್ಲಾದರೆ ಬಕೆಟ್ಟುಗಟ್ಟಲೆ ತಯಾರಿಸಬಹುದು. ನಲವತ್ತು ವರ್ಷ ಬದುಕಿದ ಮನುಷ್ಯನಿಗೆ ಅದರ ಒಂದು ಹನಿ ಹುಟ್ಟುತ್ತಿಲ್ಲವೆಂದರೆ ಆ ಬದುಕಿನ ಪರೀಕ್ಷೆಯಲ್ಲಿ ಏನೋ ಎಡವಟ್ಟಾಗಿದೆ.

"ಶಿವಕಿರಣ್‌ಗೆ ಮಾಡಿ," ಎಂದ. ದನಿ ಅವನಿಗೇ ಅಪರಿಚಿತವಾಗಿತ್ತು. "ಅವನು ಮೃದು. ಹನ್ನೆರಡು ವರ್ಷದಿಂದ ಡಬ್ಬಿ ಹಂಚ್ಕೊಂಡು ಊಟ ಮಾಡಿದ್ದೀವಿ."

"ರೀ, ಕಾಲೇಜಿಗೆ ಬೇಡ," ಎಂದಳು ಸುಮಾ.

"ಅವನು ಅಳ್ತಾನೆ ಕಣೇ."

ಶಿವಕಿರಣ್ ಸುದ್ದಿ ಕೇಳಿದ್ದೇ ತಡ, ಸೊರ್ ಸೊರ್ ಎಂದು ಮೂಗೇರಿಸುವ ಸದ್ದು ಬಂತು. ಪುಟ್ಟಲಿಂಗಮ್ಮ ಕೈಮುಗಿದರು. ಸಿದ್ದೇಶನ ಎದೆ ತುಂಬಿ ಬಂತು.

"ಅಳ್ತಾ ಇದ್ದೀರಾ ಸಾರ್?" ಜವರಪ್ಪ ಖಚಿತಪಡಿಸಿಕೊಳ್ಳಲು ಕೇಳಿದರು.

"ಇಲ್ಲ ಸಾರ್, ಎರಡು ದಿನದಿಂದ ನೆಗಡಿ. ಬಾಡಿ ಎಲ್ಲಿದೆ?"

ಜನ ಮನೆಗೆ ಬಂದುಬಿಟ್ಟರೆ ಕೆಡುತ್ತದೆಂದು ಜವರಪ್ಪ ತಟ್ಟನೆ, "ಆಗ್ಲೇ ಹಳ್ಳಿಗೆ ತಗೊಂಡೋದ್ರು, ಕೆ.ಆರ್. ನಗರದ ತಾವ," ಎಂದರು.

"ಓ. ಸೋಮವಾರದ ಪ್ರಾಕ್ಟಿಕಲ್ ಅವರದ್ದೇ ಇತ್ತಲ್ಲ," ಎಂದು ಗೊಣಗಿ ಶಿವಕಿರಣ್ ಫೋನಿಟ್ಟ.

ಆಮೇಲೆ ಸಿದ್ದೇಶ್ ತಾನೇ ಒಂದೊಂದು ಹೆಸರು ಸೂಚಿಸತೊಡಗಿದ. ಲಕ್ಷ್ಮೀಪುರಂನ ಬಾಲ್ಯದ ಗೆಳೆಯ ಮಹೇಶ್, "ತಮಾಷೆ ಮಾಡ್ಬೇಡಿ, ಮೊನ್ನೆ ತಾನೇ ನೋಡಿದೀನಿ," ಎಂದು ಸಾವನ್ನೇ ಒಪ್ಪಲಿಲ್ಲ. ಸುಮಾಳ ಅಣ್ಣ, ತಂಗಿಯನ್ನು ಕರೆದೊಯ್ಯಲು ಕಾರು ತರಲೇ ಎಂದು ಸ್ವಲ್ಪ ಉತ್ಸಾಹದಿಂದಲೇ ಕೇಳಿದ. ಅಷ್ಟರಲ್ಲಿ ಮಾವನ ಫೋನು ಬಂತು: ಜೆಸಿಬಿ ಸುಮ್ಮನೆ ನಿಂತಿತ್ತೆಂದು ಗುಂಡಿ ತೆಗೆಸಿಯೇಬಿಟ್ಟಿದ್ದಾನಂತೆ, ತೆಗೆದ ಗುಂಡಿ ಖಾಲಿ ಬಿಡಬಾರದು, ಎಷ್ಟೊತ್ತಿಗೆ ತರುತ್ತೀರಿ?

"ಹೆಣದ ಬದ್ಲು ಒಂದು ಬಾಳೆದಿಂಡು ಹಾಕಿ ಮುಚ್ಚಕ್ಕೆ ಹೇಳಿ," ಎಂದರು ಪುಟ್ಟಲಿಂಗಮ್ಮ ಒಳಗಿನಿಂದ. ಗುಟ್ಟು ಬಿಡದೆ ಅದನ್ನು ಹೇಳುವುದು ಹೇಗೆಂದು ತೋಚದೆ ಜವರಪ್ಪ ಫೋನನ್ನೇ ಕಟ್ ಮಾಡಿದರು.

ಹನ್ನೊಂದು ಕಳೆಯಿತು. ಹನ್ನೊಂದೂವರೆಗೆ ಸುಮಾಳ ಫೋನು ಗುಣುಗುಟ್ಟಿತು. ಎತ್ತಿದರೆ, ಆ ಕಡೆ ಒಂದು ಹೆಣ್ಣುದನಿ ಬಿಕ್ಕಿಬಿಕ್ಕಿ ಅಳುತ್ತಿತ್ತು. ನೆಗಡಿಯಲ್ಲ, ನಿಜವಾದ ಅಳು. ಸುಮಾ ಸ್ಪೀಕರ್ ಹಾಕಿದಳು.

"ಮೇಡಂ, ನಾನು ಅಕ್ಷತಾ, ಫೈನಲ್ ಬಿಎಸ್ಸಿ... ಸಾರ್ ಹಿಂಗೆ ಮಾಡ್ಬಾರ್ದಿತ್ತು ಮೇಡಂ..."

ಸಿದ್ದೇಶ್ ಕಣ್ಣು ಮುಚ್ಚಿ ಆ ಅಳುವನ್ನು ಕೇಳಿದ. ಇಷ್ಟು ವರ್ಷ ಸೀಮೆಸುಣ್ಣದ ಧೂಳು ಕುಡಿದದ್ದು ಸಾರ್ಥಕವಾಯಿತು.

"ನನ್ನ ಪ್ರಾಕ್ಟಿಕಲ್ ರೆಕಾರ್ಡಿಗೆ ಸಹಿನೇ ಹಾಕಿರ್ಲಿಲ್ಲ ಮೇಡಂ... ಸೋಮವಾರ ಪರೀಕ್ಷೆ... ಇನ್ಯಾರು ಹಾಕ್ತಾರೆ ಮೇಡಂ..."

ಸಿದ್ದೇಶ್ ಕಣ್ಣು ತೆರೆದ.

"ಯಾತಕ್ಕಾದ್ರೂ ಆಗ್ಲಿ," ಜವರಪ್ಪ ತೊಡೆ ತಟ್ಟಿದರು, "ಕಣ್ಣೀರು ಕಣ್ಣೀರೇ! ಏಳ್ರಿ, ದೋಷ ಹೋಯ್ತು!"

ಸುಮಾ ಆ ಹುಡುಗಿಗೆ ನಿಜ ಹೇಳಿ ಸಮಾಧಾನ ಮಾಡಿದಳು. ಪುಟ್ಟಲಿಂಗಮ್ಮ ಮಗನ ಮುಖ ನೀವಿ ಲಟಿಕೆ ಮುರಿದು ಸೀರೆಗಳನ್ನು ಮತ್ತೆ ಬ್ಯಾಗಿಗೆ ತುರುಕಿದರು. ಲಾಸ್ಯ ಟೋಪಿ ಹಾಕಿಕೊಂಡಳು. ಎಲ್ಲರೂ ಸಾಮಾನು ಸಮೇತ ಗೇಟಿನ ಹೊರಗೆ ಬಂದು ನಿಂತರು. ಬಿಸಿಲಿತ್ತು. ವ್ಯಾನಿರಲಿಲ್ಲ.

ರಾಜೇಶನ ಫೋನು ವ್ಯಾಪ್ತಿ ಪ್ರದೇಶದ ಹೊರಗಿತ್ತು. ಸಿದ್ದೇಶ್ ತನ್ನ ಫೋನು ವಾಪಸು ಪಡೆದು ಆನ್ ಮಾಡಿದ. ಹಂಚಿನ ಮೇಲೆ ಮಳೆಹನಿ ಬಿದ್ದಂತೆ ಮೆಸೇಜುಗಳು ಬಿದ್ದವು. ಕಾಲೇಜಿನ ಅಂಗಳದಲ್ಲಿ ತನ್ನ ಐಡಿ ಕಾರ್ಡಿನ ಫೋಟೋ ದೊಡ್ಡದಾಗಿ, ಅದಕ್ಕೊಂದು ಸೇವಂತಿಗೆ ಹಾರ. ಸಂತಾಪ ಸಭೆ, ಎರಡು ನಿಮಿಷದ ಮೌನ. ಅದರ ಕೆಳಗೆ ಪ್ರಿನ್ಸಿಪಾಲರ ಪ್ರಕಟಣೆ: ಅಗಲಿದ ಸಹೋದ್ಯೋಗಿಯ ಗೌರವಾರ್ಥ ಇಂದು ಮತ್ತು ನಾಳೆ ರಜೆ. ಅವನು ಶಿವಕಿರಣ್‌ಗೆ ಫೋನ್ ಮಾಡಿದ. ಆ ಕಡೆ ಇಂಜಿನ್ನಿನ ಸದ್ದು, ಅಂತ್ಯಾಕ್ಷರಿಯ ಚಪ್ಪಾಳೆ.

"ಶಿವಕಿರಣ್, ನಾನು ಸಿದ್ದೇಶ್."

ಚಪ್ಪಾಳೆ ನಿಂತಿತು. ಯಾರೋ "ಅಯ್ಯಯ್ಯೋ" ಎಂದರು. ಕಾಗೆಯ ಕತೆಯನ್ನೆಲ್ಲ ಹೇಳಿ ನಂಬಿಸುವಷ್ಟರಲ್ಲಿ ಸಿದ್ದೇಶನ ಅಂಗಿ ಬೆವರಿನಿಂದ ಬೆನ್ನಿಗಂಟಿತ್ತು. "ಸಂತೋಷ ಸಾರ್, ತುಂಬಾ ಸಂತೋಷ," ಎಂದ ಶಿವಕಿರಣ್, ಸಂತೋಷವಿಲ್ಲದ ದನಿಯಲ್ಲಿ.

"ವ್ಯಾನೆಲ್ಲಿ?"

"ಅದೇ ಸಾರ್... ನಿಮ್ಮ ಮಣ್ಣಿಗೆ ಹೋಗೋಣ ಅಂತ ಸ್ಟಾಫೆಲ್ಲ ಹೊರಟ್ವಿ. ರಾಜೇಶನ ವ್ಯಾನು ಖಾಲಿ ಆಯ್ತಲ್ಲ ಅಂತ ಅದನ್ನೇ ತರಿಸಿದೆ. ಕೆ.ಆರ್. ನಗರದಲ್ಲಿ ಯಾವ ಹಳ್ಳಿ ಅಂತ ಯಾರಿಗೂ ಗೊತ್ತಿಲ್ಲ. ಎಲ್ಲಾರ ಮನಸ್ಸೂ ಭಾರ ಆಗೋಗಿತ್ತು. ಸಮುದ್ರ ನೋಡಿದ್ರೆ ಹಗುರಾಗತ್ತೆ ಅಂದ್ರು ಮ್ಯಾಥ್ಸ್ ಮೇಡಂ. ಲಾಡ್ಜೂ ಹೆಂಗೂ ಬುಕ್ಕಾಗಿತ್ತು. ಈಗ ಹೊಳೆನರಸೀಪುರದ ದಾರೀಲಿದ್ದೀವಿ."

"ವಾಪಸ್ ತಿರುಗಿಸ್ರಿ! ನನ್ನ ಮಗಳು ಬೀದೀಲಿ ನಿಂತಿದಾಳೆ."

ಫೋನಿನಲ್ಲಿ ಗುಸುಗುಸು ನಡೆಯಿತು. ಶಿವಕಿರಣ್ ಮತ್ತೆ ಬಂದಾಗ ದನಿ ತಗ್ಗಿತ್ತು. ಸಿದ್ದೇಶ್ ಬಯಸಿದ್ದ ಆ ನಡುಕ ಈಗ ಅದರಲ್ಲಿತ್ತು.

"ಸಾರ್, ಕಾಲಿಗೆ ಬೀಳ್ತೀನಿ. ನೀವು ಬದುಕಿದ್ದೀರಿ ಅಂತ ಪ್ರಿನ್ಸಿಪಾಲ್‌ಗೆ ಗೊತ್ತಾದ್ರೆ ರಜ ಕ್ಯಾನ್ಸಲ್, ನಮಗೆಲ್ಲ ಮೆಮೋ. ಇಲ್ಲಿ ಹೆಂಗಸರು ಮಕ್ಕಳು ಎಲ್ಲಾ ಇದಾರೆ. ಸೋಮವಾರದ ತನಕ ಆಚೆ ಕಾಣಿಸ್ಕೋಬೇಡಿ ಸಾರ್." ಅವನು ನಿಜವಾಗಿಯೂ ಅಳುತ್ತಿದ್ದ.

ಬೀದಿಯ ತುದಿಯಲ್ಲಿ ಪ್ರಿನ್ಸಿಪಾಲರ ಬಿಳಿ ಕಾರು ಮನೆ ವಿಚಾರಿಸುತ್ತ ನಿಧಾನವಾಗಿ ಬರುತ್ತಿತ್ತು. ಸಿದ್ದೇಶ್ ಒಂದು ಕ್ಷಣ ಅದನ್ನು ನೋಡಿದ, ಒಂದು ಕ್ಷಣ ಮಗಳನ್ನು. ನಂತರ ಎರಡೂ ಸೂಟ್‌ಕೇಸುಗಳನ್ನು ಎತ್ತಿಕೊಂಡು ಒಳಗೆ ಓಡಿ ಮಂಚದ ಕೆಳಗೆ ತೂರಿದ.

ಸುಮಾ ತಲೆಯ ಮೇಲೆ ಸೆರಗೆಳೆದುಕೊಂಡು ಬಾಗಿಲಲ್ಲಿ ನಿಂತಳು. ಲಾಸ್ಯ ಮಂಚದ ಪಕ್ಕ ಕೂತು ಕೆಳಗೆ ಬಗ್ಗಿ ನೋಡಿದಳು. "ಅಪ್ಪಾ," ಎಂದು ಮೆಲ್ಲಗೆ ಕೇಳಿದಳು, "ಸೋಮವಾರ ನೀನು ಬದುಕಿದ ಮೇಲೆ, ಮೈಸೂರು ಝೂಗಾದ್ರೂ ಹೋಗೋಣ್ವಾ?"